‘ನ್ಯಾಯ’ ಎಂಬ ಪದವನ್ನು ಬದಿಗಿಟ್ಟು ಪ್ಲೇಟೋನನ್ನು ಓದಿದ್ದು

ವೃತ್ತಿಯಿಂದ ನಾನು ವಕೀಲ. ತಾಲ್ಲೂಕು ನ್ಯಾಯಾಲಯದಲ್ಲಿ ಬಹುಕಾಲ ಪಾಲು ವಿಭಾಗದ ದಾವೆಗಳನ್ನೇ ನಡೆಸಿಕೊಂಡು ಬಂದ ನನಗೆ ಪ್ಲೇಟೋನ ‘ರಿಪಬ್ಲಿಕ್’ ಸುಲಭವಾಗಿ ಒಲಿಯುತ್ತದೆ ಎಂಬ ಭರವಸೆಯಿತ್ತು; ಅದರ ಹತ್ತು ಭಾಗಗಳೂ ‘ನ್ಯಾಯ ಎಂದರೇನು’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಸಾಗುತ್ತವೆ ಎಂದು ಕೇಳಿದ್ದೆ. ಆದರೆ ಮೊದಲ ಎರಡು ಸಲವೂ ನನ್ನ ಓದು ನಾಲ್ಕನೆಯ ಭಾಗದಲ್ಲಿ ನಿಂತುಹೋಯಿತು. ಪ್ರತಿಯೊಬ್ಬರೂ ತಮ್ಮ ತಮ್ಮ ಕೆಲಸವನ್ನು ಮಾಡಿಕೊಂಡು, ಇನ್ನೊಬ್ಬರ ಕೆಲಸದಲ್ಲಿ ಕೈಯಾಡಿಸದಿರುವುದೇ ನ್ಯಾಯ ಎಂಬ ಉತ್ತರ ಅಲ್ಲಿ ಬರುತ್ತದೆ. ವಾದಿಗೂ ಪ್ರತಿವಾದಿಗೂ ಸಂಬಂಧವೇ ಇಲ್ಲದ ತೀರ್ಪನ್ನು ಓದಿದಂತಾಗಿ ಪುಸ್ತಕವನ್ನು ಮಡಚಿಟ್ಟಿದ್ದೆ.

ಮೂರನೆಯ ಸಲ ಓದುವಾಗ ನಾನು ಮಾಡಿದ ಮೊದಲ ಕೆಲಸವೆಂದರೆ ‘ನ್ಯಾಯ’ ಎಂಬ ಪದವನ್ನು ಬದಿಗಿಟ್ಟದ್ದು. ನಮ್ಮ ಮಾತಿನಲ್ಲಿ ನ್ಯಾಯವನ್ನು ಕೇಳುತ್ತೇವೆ, ಕೊಡುತ್ತೇವೆ, ಅದು ಸಿಗುತ್ತದೆ ಅಥವಾ ಸಿಗುವುದಿಲ್ಲ. ಅದು ನಮ್ಮ ಹೊರಗೆಲ್ಲೋ ಇರುವ ವಸ್ತು. ಗ್ರೀಕಿನ ‘ಡಿಕಾಯೊಸೂನೆ’ ಹಾಗಲ್ಲ. ಧೈರ್ಯದಂತೆ, ವಿವೇಕದಂತೆ ಅದು ಮನುಷ್ಯನೊಳಗೆ ಇರಬಹುದಾದ ಗುಣ. ‘ಧರ್ಮ’ ಎಂದು ಬರೆದು ನೋಡಿದೆ. ಆ ಪದ ತನ್ನ ಬೆನ್ನಿಗೆ ಸ್ವಧರ್ಮವನ್ನೂ ವರ್ಣವನ್ನೂ ಕಟ್ಟಿಕೊಂಡು ಬಂದು, ಪ್ಲೇಟೋ ಹೇಳದ ಮಾತುಗಳನ್ನೆಲ್ಲ ಅವನ ಬಾಯಲ್ಲಿ ಆಡಿಸತೊಡಗಿತು. ಕೊನೆಗೆ ‘ನ್ಯಾಯವಂತ’ ಎಂಬ ನಮ್ಮ ಹಳೆಯ ಪದವೇ ಕೈಹಿಡಿಯಿತು. ‘ನ್ಯಾಯವಂತಿಕೆ ಎಂದರೇನು’ ಎಂದು ಪ್ರಶ್ನೆಯನ್ನು ತಿದ್ದಿ ಬರೆದುಕೊಂಡ ಮೇಲೆ ನಾಲ್ಕನೆಯ ಭಾಗದ ಉತ್ತರ ಅಷ್ಟು ಅಸಂಬದ್ಧವಾಗಿ ಕಾಣಲಿಲ್ಲ.

ಎರಡನೆಯ ಕೆಲಸ, ಟಿಪ್ಪಣಿ ಪುಸ್ತಕವೊಂದನ್ನು ಇಟ್ಟದ್ದು. ಎಡಪುಟದಲ್ಲಿ, ಸಂವಾದರೂಪದ ಈ ಪುಸ್ತಕದಲ್ಲಿ ವಾದ ನಡೆಸುವ ಸಾಕ್ರಟೀಸ್ ಎದುರಿನವರಿಂದ ಒಪ್ಪಿಸಿಕೊಂಡ ಒಂದೊಂದೇ ಹೆಜ್ಜೆ, ಬಲಪುಟದಲ್ಲಿ ನನ್ನ ಆಕ್ಷೇಪ. ಪ್ರತಿ ಹೆಜ್ಜೆಗೂ 1578ರಲ್ಲಿ ಸ್ಟೆಫಾನಸ್ ಮುದ್ರಿಸಿದ ಆವೃತ್ತಿಯ ಪುಟಸಂಖ್ಯೆಯನ್ನು ಹಾಕುತ್ತಿದ್ದೆ. ಯಾವ ಅನುವಾದದ ಅಂಚಿನಲ್ಲೂ ಸಾಮಾನ್ಯವಾಗಿ ಈ ಸಂಖ್ಯೆಗಳಿರುವುದರಿಂದ ಎರಡು ಅನುವಾದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವವರಿಗೆ ಬಹಳ ಅನುಕೂಲ.

ಮೊದಲ ಭಾಗವನ್ನು ಪಾಟೀಸವಾಲಿನಂತೆ ಓದಿದೆ. ಅಥೆನ್ಸಿನ ಬಂದರು ಪಿರೇಯಸ್‌ನಲ್ಲಿ ಮುದುಕ ಸೆಫಾಲಸ್‌ನ ಮನೆ. ನಿಜ ನುಡಿಯುವುದು, ಪಡೆದದ್ದನ್ನು ಹಿಂದಿರುಗಿಸುವುದು ಎಂಬ ಅರ್ಥ ಅವನ ಮಾತಿನಿಂದ ಹೊರಡುತ್ತದೆ. ಸ್ವಸ್ಥನಾಗಿದ್ದಾಗ ಆಯುಧವನ್ನು ನಮ್ಮಲ್ಲಿ ಇರಿಸಿದ ಗೆಳೆಯ ಬುದ್ಧಿಭ್ರಮಣೆಯಾದ ಮೇಲೆ ಬಂದು ಕೇಳಿದರೆ ಕೊಡಬೇಕೇ ಎಂದು ಸಾಕ್ರಟೀಸ್ ಕೇಳುತ್ತಾನೆ. ಒಪ್ಪಿಸಿದ ವಸ್ತುವನ್ನು ಅವಧಿ ಮುಗಿದೊಡನೆ ಹಿಂದಿರುಗಿಸಬೇಕೆಂದು 1872ರ ನಮ್ಮ ಕರಾರು ಅಧಿನಿಯಮದ 160ನೆಯ ಕಲಮು ಹೇಳುತ್ತದೆ. ಹಾಗಾಗಿ ನನ್ನ ಬಲಪುಟದ ಮೊದಲ ಆಕ್ಷೇಪ ಸೆಫಾಲಸ್‌ನ ಪರವಾಗಿಯೇ ಇತ್ತು. ಆದರೆ ಆ ಮುದುಕ ವಾದಕ್ಕೆ ನಿಲ್ಲುವುದಿಲ್ಲ. ವಾದವನ್ನು ಮಗ ಪೊಲೆಮಾರ್ಕಸ್‌ಗೆ ವಹಿಸಿ, ನಗುತ್ತ ಬಲಿಪೂಜೆಗೆ ಎದ್ದುಹೋಗುತ್ತಾನೆ.

ಈ ಪೊಲೆಮಾರ್ಕಸ್‌ನ ಮುಂದಿನ ಕಥೆ ಗೊತ್ತಾದದ್ದು ನನ್ನ ಓದಿನ ದಿಕ್ಕನ್ನು ಬದಲಿಸಿತು. ಕ್ರಿ.ಪೂ. 404ರಲ್ಲಿ ಅಥೆನ್ಸನ್ನು ಕೈವಶ ಮಾಡಿಕೊಂಡ ಮೂವತ್ತು ಮಂದಿಯ ಆಡಳಿತ ವಿಚಾರಣೆಯೇ ಇಲ್ಲದೆ ಅವನಿಗೆ ವಿಷ ಕುಡಿಸಿ ಕೊಂದು, ಆಸ್ತಿಯನ್ನು ಕಸಿದುಕೊಂಡಿತು. ಅವನ ತಮ್ಮ ಲಿಸಿಯಾಸ್ ಆ ಕೊಲೆಯ ಬಗ್ಗೆ ಮಾಡಿದ ಭಾಷಣ ಇಂದಿಗೂ ಉಳಿದಿದೆ. ಮೂವತ್ತು ಮಂದಿಯ ಮುಂದಾಳು ಕ್ರಿಟಿಯಾಸ್ ಪ್ಲೇಟೋನ ತಾಯಿಯ ಕಡೆಯ ಬಂಧು. ಅಂದರೆ ಆ ಮನೆಯಲ್ಲಿ ಕುಳಿತು, ಭಾಷಣಕಲೆ ಕಲಿಸುವ ಥ್ರಾಸಿಮ್ಯಾಕಸ್ ‘ಬಲಿಷ್ಠನ ಹಿತವೇ ನ್ಯಾಯ’ ಎಂದು ಗುಡುಗುವಾಗ, ಆ ಮಾತು ಅದೇ ಮನೆಗೆ ಮುಂದೆ ಏನು ಮಾಡಲಿದೆಯೆಂಬುದು ಪ್ಲೇಟೋನ ಮೊದಲ ಓದುಗರಿಗೆ ತಿಳಿದೇ ಇತ್ತು.

ಥ್ರಾಸಿಮ್ಯಾಕಸ್‌ಗೆ ಸಾಕ್ರಟೀಸ್ ಕೊಡುವ ಉತ್ತರಗಳಲ್ಲಿ ಹಲವು ನನಗೆ ಜಾಣತನದ ಮಾತುಗಳಾಗಿಯೇ ಕಂಡವು. 351ನೆಯ ಪುಟದ ಕಳ್ಳರ ಗುಂಪಿನ ಉದಾಹರಣೆ ಮಾತ್ರ ಬೇರೆ ತೂಕದ್ದು. ಕಳ್ಳರೂ ತಮ್ಮತಮ್ಮೊಳಗೆ ಅನ್ಯಾಯ ಮಾಡಿಕೊಂಡರೆ ಕಳ್ಳತನವನ್ನೂ ಮಾಡಲಾರರು. ಸುಳ್ಳು ಉಯಿಲು ಹುಟ್ಟಿಸಿದ ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಜಗಳವಾಡಿ ತಾವೇ ಸಿಕ್ಕಿಬಿದ್ದದ್ದನ್ನು ಕಂಡವನಿಗೆ ಇದರಲ್ಲಿ ಹೊಸತೇನಿಲ್ಲ. ಹೊಸತಿರುವುದು ಮರುಹೆಜ್ಜೆಯಲ್ಲಿ: ಅನ್ಯಾಯ ಒಬ್ಬನೇ ಮನುಷ್ಯನೊಳಗೆ ಇದ್ದರೂ ಇದೇ ಕೆಲಸ ಮಾಡುತ್ತದೆ, ಅವನನ್ನು ಅವನಿಗೇ ವೈರಿಯಾಗಿಸಿ ಯಾವುದನ್ನೂ ಮಾಡಲಾಗದಂತೆ ಮಾಡುತ್ತದೆ. ಮುಂದಿನ ಮೂರು ಭಾಗಗಳು ಈ ಒಂದು ಹೆಜ್ಜೆಯನ್ನು ಬಿಡಿಸಿ ಹೇಳುತ್ತವೆ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಎರಡನೆಯ ಭಾಗದಲ್ಲಿ ಪ್ಲೇಟೋನ ಅಣ್ಣ ಗ್ಲಾಕನ್ ಒಬ್ಬ ಲಿಡಿಯಾದ ಕುರುಬನ ಉಂಗುರದ ಕಥೆ ಹೇಳುತ್ತಾನೆ. ಹರಳನ್ನು ಅಂಗೈಯ ಕಡೆಗೆ ತಿರುಗಿಸಿದರೆ ತೊಟ್ಟವನು ಯಾರ ಕಣ್ಣಿಗೂ ಬೀಳುವುದಿಲ್ಲ. ಸಿಕ್ಕಿಬೀಳುವ ಭಯವೇ ಇಲ್ಲದಿದ್ದರೂ ನ್ಯಾಯವಂತನಾಗಿರುವುದು ಏಕೆ ಒಳ್ಳೆಯದು ಎಂಬುದು ಅವನ ಸವಾಲು. ಇದಕ್ಕೆ ಉತ್ತರ ಮನುಷ್ಯನ ಒಳಗೇ ಸಿಗಬೇಕು, ಹೊರಗಿನ ಬಹುಮಾನ ಶಿಕ್ಷೆಗಳಲ್ಲಿ ಅಲ್ಲ. ಒಳಗನ್ನು ನೋಡುವುದು ಕಷ್ಟವಾದ್ದರಿಂದ ಅದೇ ಅಕ್ಷರಗಳನ್ನು ದೊಡ್ಡದಾಗಿ ಬರೆದಿರುವ ಕಡೆ, ಅಂದರೆ ನಗರದಲ್ಲಿ, ಮೊದಲು ಓದೋಣ ಎನ್ನುತ್ತಾನೆ ಸಾಕ್ರಟೀಸ್. ಆಳುವವರು, ಕಾಯುವವರು, ದುಡಿಯುವವರು ಎಂಬ ಮೂರು ವರ್ಗಗಳು ಹುಟ್ಟುವುದು ಹೀಗೆ. ಇದು ಚಾತುರ್ವರ್ಣ್ಯವೇ ಅಲ್ಲವೇ ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಆಳುವವರಲ್ಲಿ ಚಿನ್ನ, ದುಡಿಯುವವರಲ್ಲಿ ಕಂಚು ಬೆರೆತಿದೆ ಎಂಬ ಕಥೆ ಕಟ್ಟಿ, ಕಂಚಿನವರಿಗೆ ಚಿನ್ನದ ಮಗು ಹುಟ್ಟಿದರೆ ಮೇಲಕ್ಕೂ ಚಿನ್ನದವರಿಗೆ ಕಂಚಿನ ಮಗು ಹುಟ್ಟಿದರೆ ಕೆಳಕ್ಕೂ ಕಳಿಸಬೇಕೆಂದು 415ನೆಯ ಪುಟ ಹೇಳುತ್ತದೆ; ಐದನೆಯ ಭಾಗ ಹೆಂಗಸರೂ ಆಳುವವರಾಗಬಹುದೆನ್ನುತ್ತದೆ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ. ಆದರೂ ದುಡಿಯುವವರಿಗೆ ಆಡಳಿತದಲ್ಲಿ ಬಾಯಿಯೇ ಇಲ್ಲದ ಈ ನಗರ ನನಗೆ ಒಪ್ಪಿಗೆಯಾಗಿಲ್ಲ, ಅದನ್ನು ಮನಸ್ಸಿನ ಚಿತ್ರವೆಂದಷ್ಟೇ ಇಟ್ಟುಕೊಂಡಿದ್ದೇನೆ.

ನಗರದಂತೆ ಆ ಮನಸ್ಸಿಗೂ ವಿವೇಚನೆ, ಆಸೆ, ಸಿಟ್ಟು ಎಂಬ ಮೂರು ಭಾಗಗಳಿವೆ ಎಂಬುದಕ್ಕೆ ಪುರಾವೆಯೇನು ಎಂಬುದು ನನ್ನ ಬಲಪುಟದಲ್ಲಿ ಅತಿ ಉದ್ದವಾದ ಆಕ್ಷೇಪ. ಪ್ಲೇಟೋ ಇಲ್ಲಿ ಬುಗುರಿಯ ಉದಾಹರಣೆ ತರುತ್ತಾನೆ. ಮೊಳೆ ಒಂದೇ ಕಡೆ ಊರಿ ತಿರುಗುವ ಬುಗುರಿ ನಿಂತೂ ಇದೆ, ಚಲಿಸುತ್ತಲೂ ಇದೆ ಎನ್ನಬಹುದು. ಆದರೆ ನಿಂತಿರುವುದು ಅದರ ಅಚ್ಚು, ಸುತ್ತುತ್ತಿರುವುದು ಅದರ ಹೊರಮೈ. ಒಂದೇ ವಸ್ತುವಿನ ಒಂದೇ ಅಂಶ ಒಂದೇ ಹೊತ್ತಿನಲ್ಲಿ ಒಂದೇ ವಿಷಯದ ಕಡೆಗೆ ಎರಡು ವಿರುದ್ಧ ಕೆಲಸ ಮಾಡಲಾರದು. ಹಾಗಾದರೆ ಬಾಯಾರಿದ್ದೂ ಕುಡಿಯಲೊಲ್ಲದ ಮನುಷ್ಯನಲ್ಲಿ ಕುಡಿ ಎನ್ನುವುದು ಒಂದು, ಬೇಡ ಎನ್ನುವುದು ಇನ್ನೊಂದು. ಮೂರನೆಯದಕ್ಕೆ ಲಿಯಾಂಟಿಯಸ್‌ನ ಪ್ರಸಂಗವಿದೆ. ಪಿರೇಯಸ್‌ನಿಂದ ಉತ್ತರದ ಗೋಡೆಯ ಹೊರಗೆ ನಡೆದು ಬರುವಾಗ ಅವನಿಗೆ ಮರಣದಂಡನೆ ಜಾರಿ ಮಾಡುವವನ ಪಕ್ಕದಲ್ಲಿ ಬಿದ್ದ ಹೆಣಗಳು ಕಾಣುತ್ತವೆ. ನೋಡುವಾಸೆ, ಜೊತೆಗೇ ಹೇಸಿಗೆ. ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹೋರಾಡಿ ಸೋತು, ಓಡಿಹೋಗಿ, ‘ನೋಡಿಕೊಳ್ಳಿ, ಹಾಳಾದವೇ, ಕಣ್ತುಂಬ ನೋಡಿಕೊಳ್ಳಿ’ ಎಂದು ತನ್ನ ಕಣ್ಣುಗಳನ್ನೇ ಬೈಯುತ್ತಾನೆ. ಆಸೆಯ ಮೇಲೆ ಸಿಟ್ಟಾದದ್ದು ಆಸೆಯೇ ಆಗಿರಲಾರದು. ಅಪಘಾತವಾದ ಕಡೆ ಬಸ್ಸಿನ ಕಿಟಕಿಯಿಂದ ಕತ್ತು ಚಾಚಿ ನೋಡಿ ಮರುಕ್ಷಣ ನನ್ನ ಮೇಲೆ ನಾನೇ ಸಿಡುಕಿದ ನೆನಪು ಬಂದು, ಆ ಆಕ್ಷೇಪವನ್ನು ಅಲ್ಲಿಗೆ ಹೊಡೆದುಹಾಕಿದೆ.

ನಿಜವಾಗಿ ನಾನು ತಿಂಗಳುಗಟ್ಟಲೆ ತೊಡಕಿಕೊಂಡದ್ದು ‘ಹಾರ್ಮೊನಿಯಾ’ ಎಂಬ ಪದದಲ್ಲಿ. ನಾನದನ್ನು ಸಾಮರಸ್ಯ ಎಂದು ಓದುತ್ತಿದ್ದೆ, ಅಂದರೆ ಎಲ್ಲರೂ ಜಗಳವಿಲ್ಲದೆ ಹೊಂದಿಕೊಂಡಿರುವುದು. ಆದರೆ ಪ್ಲೇಟೋ ಈ ಪದವನ್ನು ಮೊದಲು ಬಳಸುವುದು ನ್ಯಾಯವಂತಿಕೆಗಲ್ಲ, ‘ಸೊಫ್ರೊಸೂನೆ’ ಎಂಬ ಇನ್ನೊಂದು ಗುಣಕ್ಕೆ, ನಾವು ಸಂಯಮ ಎನ್ನುವುದಕ್ಕೆ. ಹತ್ತಾರು ಪುಟಗಳ ಬಳಿಕ ನ್ಯಾಯವಂತಿಕೆಗೂ ಅದೇ ಹೋಲಿಕೆ ಬರುತ್ತದೆ. ಎರಡೂ ಒಂದೇ ಆದರೆ ಎರಡು ಹೆಸರೇಕೆ?

ಗಂಟು ಸಡಿಲವಾದದ್ದು ಮನೆಯಲ್ಲಿ. ನನ್ನ ಹೆಂಡತಿ ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾಳೆ. ಒಂದು ಸಂಜೆ ತಂಬೂರಿಯ ಪಂಚಮದ ಬಿರಡೆಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದವಳನ್ನು, ತಂತಿ ಚೆನ್ನಾಗಿಯೇ ಕೇಳುತ್ತಿದೆಯಲ್ಲ ಎಂದೆ. ‘ಅದೊಂದನ್ನೇ ಮೀಟಿದರೆ ಏನೂ ತಪ್ಪಿಲ್ಲರೀ, ಸಾರಣೆಯ ಜೊತೆ ಕೂತಿಲ್ಲ ಅಷ್ಟೆ’ ಎಂದು ಮಣಿಯನ್ನು ಕೂದಲೆಳೆಯಷ್ಟು ಸರಿಸಿದಳು. ಸಾರಣೆಯೆಂದರೆ ಷಡ್ಜ ನುಡಿಯುವ ತಂತಿ. ಯಾವ ಷಡ್ಜವನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂಬುದರಲ್ಲಿ ಎಲ್ಲ ತಂತಿಗಳೂ ಒಪ್ಪಿರುವುದು ಒಂದು ಸಂಗತಿ. ಒಪ್ಪಿದ ಮೇಲೆ ಪ್ರತಿಯೊಂದು ತಂತಿಯೂ ತನ್ನ ಸ್ಥಾನದಲ್ಲೇ ನಿಂತಿರುವುದು ಇನ್ನೊಂದು. ಯಾರು ಆಳಬೇಕೆಂಬುದರಲ್ಲಿ ಮೂರೂ ಭಾಗಗಳಿಗಿರುವ ಒಮ್ಮತ ಸಂಯಮ. ಪ್ರತಿಯೊಂದೂ ತನ್ನ ಕೆಲಸದಲ್ಲಿ ನಿಲ್ಲುವುದು ನ್ಯಾಯವಂತಿಕೆ. ತಂತಿ ಜಾರಿದರೆ ಒಪ್ಪಂದವೂ ಉಳಿಯುವುದಿಲ್ಲ. ಉಳಿದ ಗುಣಗಳು ಹುಟ್ಟಲು ಶಕ್ತಿ ಕೊಟ್ಟು, ಹುಟ್ಟಿದವನ್ನು ಕಾಪಾಡುವುದು ನ್ಯಾಯವಂತಿಕೆ ಎಂದು 433ನೆಯ ಪುಟದಲ್ಲಿ ಪ್ಲೇಟೋ ಬರೆದದ್ದನ್ನು ನಾನು ಎರಡು ಸಲ ಓದಿ ಎರಡು ಸಲವೂ ಗಮನಿಸದೆ ದಾಟಿದ್ದೆ.

ಅವನ ಮನಸ್ಸಿನಲ್ಲಿದ್ದ ವಾದ್ಯ ತಂಬೂರಿಯಲ್ಲ ಎಂಬುದು ನಿಜ. 443ನೆಯ ಪುಟದಲ್ಲಿ ಅವನು ಹೆಸರಿಸುವುದು ಗ್ರೀಕ್ ತಂತಿವಾದ್ಯದ ‘ನೆಯಾಟೆ’, ‘ಹುಪಾಟೆ’, ‘ಮೆಸೆ’ ಎಂಬ ಮೂರು ತಂತಿಗಳನ್ನು. ಹುಪಾಟೆ ಎಂದರೆ ಎಲ್ಲಕ್ಕಿಂತ ಮೇಲಿನದು ಎಂದರ್ಥವಾದರೂ ಅದರ ನಾದ ಎಲ್ಲಕ್ಕಿಂತ ತಗ್ಗಿನದು. ಮನಸ್ಸಿನ ಮೂರು ಭಾಗಗಳನ್ನು ಹೀಗೆ ಶ್ರುತಿ ಸೇರಿಸಿಕೊಂಡವನು ಅನೇಕನಾಗಿದ್ದುದನ್ನು ಬಿಟ್ಟು ಒಬ್ಬನಾಗುತ್ತಾನೆ ಎನ್ನುವಾಗ ಅವನು ‘ನಡುವೆ ಇನ್ನೇನಾದರೂ ಇದ್ದರೆ ಅವನ್ನೂ’ ಎಂದು ಸೇರಿಸುತ್ತಾನೆ. ಮೂರೇ ಎಂದು ಅವನೂ ಹಟ ಹಿಡಿದಿರಲಿಲ್ಲ ಎಂಬುದು ಆ ಪುಟ್ಟ ಮಾತಿನಿಂದ ತಿಳಿದು, ನನ್ನ ಬಲಪುಟದ ಹಲವು ಆಕ್ಷೇಪಗಳು ತಾವಾಗಿಯೇ ಬಿದ್ದುಹೋದವು.

ಒಂದು ಮಾತ್ರ ಬಹಳ ದಿನ ಉಳಿದಿತ್ತು. ಒಳಗೆ ಶ್ರುತಿ ಸೇರಿದವನು ಹೊರಗೆ ಬೇರೆಯವರ ಹಣ ನುಂಗುವುದಿಲ್ಲ ಎಂಬುದಕ್ಕೆ ಖಾತರಿಯೇನು? ಸೆಫಾಲಸ್‌ನ ಪ್ರಶ್ನೆಯೇ ಇಲ್ಲಿ ಮರಳಿ ಬರುತ್ತದೆ: ಅಂಥವನು ತನ್ನಲ್ಲಿ ಇರಿಸಿದ ಚಿನ್ನ ಬೆಳ್ಳಿಯನ್ನು ಲಪಟಾಯಿಸುವನೇ ಎಂದು ಸಾಕ್ರಟೀಸ್ ಕೇಳಿ, ಇಲ್ಲವೆಂಬ ಉತ್ತರ ಪಡೆದು ಮುಂದೆ ಹೋಗಿಬಿಡುತ್ತಾನೆ. ನ್ಯಾಯಾಲಯದಲ್ಲಾದರೆ ಅದು ಉತ್ತರವನ್ನು ತಾನೇ ಬಾಯಿಗಿಡುವ ಸೂಚಕ ಪ್ರಶ್ನೆಯೆಂದು ಎದ್ದು ನಿಲ್ಲುತ್ತಿದ್ದೆ. ಆರನೆಯ ಭಾಗದಲ್ಲಿ ಅರ್ಧ ಉತ್ತರ ಸಿಕ್ಕಿತು. ಒಬ್ಬನ ಆಸೆಗಳು ಒಂದು ಕಡೆಗೆ ಬಲವಾಗಿ ಹರಿದರೆ, ಕಾಲುವೆ ತೋಡಿ ತಿರುಗಿಸಿದ ನೀರಿನಂತೆ ಉಳಿದ ಕಡೆ ಸೊರಗುತ್ತವೆ. ಅರಿವಿನ ಕಡೆಗೆ ಹರಿದವನಿಗೆ ದುಡ್ಡಿನ ದಾಹ ಇರುವುದಿಲ್ಲ. ತನ್ನ ಗದ್ದೆಗೆ ನೀರು ಬರಲಿಲ್ಲವೆಂದು ದಾವೆ ಹೂಡಿದ ಕೆಳಗಾಲುವೆಯ ರೈತರನ್ನು ಕಂಡಿರುವ ನನಗೆ ಈ ಹೋಲಿಕೆ ಚೆನ್ನಾಗಿ ತಿಳಿಯಿತು. ಆದರೆ ಅರಿವಿನ ಗೊಡವೆಯೇ ಇಲ್ಲದೆ, ಬರೀ ರೂಢಿಯಿಂದ ಸಾಲ ತೀರಿಸಿಕೊಂಡು ಬಂದ ಸೆಫಾಲಸ್‌ನಂಥವರು ಯಾವ ಲೆಕ್ಕಕ್ಕೆ?

ಕೊನೆಯ ಭಾಗದಲ್ಲಿ, ಸತ್ತವರು ಮುಂದಿನ ಜನ್ಮವನ್ನು ಆರಿಸಿಕೊಳ್ಳುವ ಕಥೆಯಿದೆ. ಮೊದಲ ಚೀಟಿ ಬಂದವನು ಮುನ್ನುಗ್ಗಿ ಎಲ್ಲಕ್ಕಿಂತ ದೊಡ್ಡ ಸರ್ವಾಧಿಕಾರಿಯ ಬಾಳನ್ನು ಎತ್ತಿಕೊಂಡು, ತನ್ನ ಮಕ್ಕಳನ್ನೇ ತಿನ್ನುವುದೂ ಅದರಲ್ಲಿ ಬರೆದಿದೆಯೆಂದು ಆಮೇಲೆ ನೋಡಿ ಎದೆ ಬಡಿದುಕೊಳ್ಳುತ್ತಾನೆ. ಅವನು ಕೆಟ್ಟವನಾಗಿರಲಿಲ್ಲ. ಸುವ್ಯವಸ್ಥಿತ ನಗರದಲ್ಲಿ ಬಾಳಿ, ತತ್ತ್ವಜ್ಞಾನವಿಲ್ಲದೆ ರೂಢಿಯಿಂದಲೇ ಸದ್ಗುಣಿಯಾಗಿದ್ದು, ಸ್ವರ್ಗದಿಂದ ಇಳಿದು ಬಂದವನು ಎಂದು ಪ್ಲೇಟೋ ಬರೆಯುತ್ತಾನೆ. ಆ ಸಾಲಿನ ಎದುರಿಗೆ, ನನ್ನ ಬಲಪುಟದಲ್ಲಿ, ಸೆಫಾಲಸ್‌ನ ಹೆಸರನ್ನು ಬರೆದು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.