ಅಳತೆಪಟ್ಟಿಯಿಲ್ಲದೆ ಕೌದಿ ಹೊಲಿಯುವವರಿಗೆ

ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ನಡುವಿನ ಮಳೆಯ ತಿಂಗಳು) ಜಡಿಮಳೆಯಲ್ಲಿ ಕೌದಿ, ಅಂದರೆ ಹಳೆಯ ಬಟ್ಟೆಗಳ ಹೊದಿಕೆ, ಹೊಲಿಯಲು ಕುಳಿತುಕೊಳ್ಳುವವರು ಮೊದಲು ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಒಗೆದು, ಒಲೆಯ ಶಾಖಕ್ಕೆ ಹರವಿ ಪೂರ್ತಿ ಒಣಗಿಸಿಕೊಳ್ಳಬೇಕು. ಪದರಗಳ ನಡುವೆ ಪಸೆ ಉಳಿದರೆ ಬೂಷ್ಟು ಹಿಡಿಯುತ್ತದೆ. ನಕ್ಷೆಯ ಅಗತ್ಯವಿಲ್ಲ. ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಹಿಳೆಯರು ಮಾಡುವಂತೆ ಅಂಚಿನಿಂದ ಆರಂಭಿಸಿ, ಕೈಗೆ ಸಿಕ್ಕ ತುಂಡಿನ ಬದಿಗಳನ್ನು ಒಳಕ್ಕೆ ಮಡಚಿ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಸಣ್ಣ ಹೊಲಿಗೆ ಹಾಕುತ್ತಾ ಸಾಗಿದರೆ, ಮುಂದಿನ ಬಣ್ಣ ಯಾವುದೆಂಬುದನ್ನು ಹಿಂದಿನ ತುಂಡೇ ಸೂಚಿಸುತ್ತದೆ. ನನ್ನ ಮಟ್ಟಿಗೆ ಈ ಕೆಲಸದ ಸುಖವಿರುವುದು ಅಲ್ಲಿಯೇ. ದಾರವನ್ನು ಮೊಳಕ್ಕಿಂತ ಹೆಚ್ಚು ಉದ್ದ ತೆಗೆದುಕೊಂಡರೆ ಸಿಕ್ಕಾಗುತ್ತದೆ. ಹೊಲಿಗೆ ಕೊಂಚ ಓರೆಯಾದರೆ ಬಿಚ್ಚಬೇಡಿ (ಬಿಚ್ಚಲು ಹೋದರೆ ಸವೆದ ಬಟ್ಟೆ ಹರಿಯುವುದೇ ಹೆಚ್ಚು). ಗಾಢ ಕೆಂಪು ಬಟ್ಟೆಯನ್ನು ಮಾತ್ರ ಮೊದಲೇ ಬಿಳಿ ತುಂಡಿನೊಂದಿಗೆ ನೆನೆಸಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.