ಕೇಳಿದ್ದು ಎಲ್ಲಿ, ಕೊಂಡದ್ದು ಎಲ್ಲಿ: ಮೊದಲ ಕಾದಂಬರಿ ತರುತ್ತಿರುವವರಿಗೆ

ನಿಮ್ಮ ಕಾದಂಬರಿ ಅಚ್ಚಿಗೆ ಹೋಗುವ ಹೊತ್ತಿಗೆ ನೂರು ಪುಟದ ಒಂದು ನೋಟ್‌ಬುಕ್ ತಂದಿಟ್ಟುಕೊಳ್ಳಿ. ಪುಸ್ತಕ ಓದಿದೆನೆಂದು ಫೋನ್ ಮಾಡಿದವರಿಗೆ, ಸಮಾರಂಭದಲ್ಲಿ ಎದುರಾದವರಿಗೆ, ಮದುವೆಮನೆಯಲ್ಲಿ ಪಕ್ಕದ ಎಲೆಗೆ ಕುಳಿತವರಿಗೆ ಎರಡೇ ಪ್ರಶ್ನೆ ಕೇಳಿ: ಈ ಪುಸ್ತಕದ ಹೆಸರು ಮೊದಲು ಕಿವಿಗೆ ಬಿದ್ದದ್ದು ಎಲ್ಲಿ, ದುಡ್ಡು ಕೊಟ್ಟು ತೆಗೆದುಕೊಂಡದ್ದು ಎಲ್ಲಿ? ಉತ್ತರಗಳನ್ನು ಎರಡು ಸಾಲಾಗಿ, ಊರಿನ ಹೆಸರಿನೊಂದಿಗೆ ಬರೆದಿಡಿ. ನಾನು ಈ ಅಭ್ಯಾಸ ಆರಂಭಿಸಿದ್ದು ಮೂರನೆಯ ಕಾದಂಬರಿಯ ಹೊತ್ತಿಗೆ. ಮೊದಲೆರಡು ಪುಸ್ತಕಗಳ ಕಾಲದಲ್ಲಿ, ಪ್ರತಿಗಳು ಅಂಗಡಿಯ ಕಪಾಟು ಸೇರಿದರೆ ಓದುಗರು ತಾವಾಗಿಯೇ ಕೈಚಾಚುತ್ತಾರೆ ಎಂದು ನಂಬಿದ್ದೆ. ನೋಟ್‌ಬುಕ್ ಬೇರೆಯೇ ಕಥೆ ಹೇಳಿತು. ಎರಡೂ ಪ್ರಶ್ನೆಗೆ ಒಂದೇ ಜಾಗವನ್ನು ಹೇಳಿದವರು ಅಪರೂಪ. ಸಹೋದ್ಯೋಗಿಯ ಬಾಯಲ್ಲಿ ಕೇಳಿದವರು ತಿಂಗಳುಗಳ ನಂತರ ಮೇಳವೊಂದರಲ್ಲಿ ಕೊಂಡಿದ್ದರು, ಪತ್ರಿಕೆಯಲ್ಲಿ ವಿಮರ್ಶೆ ಓದಿದವರು ಕೊನೆಗೆ ಗ್ರಂಥಾಲಯದಿಂದ ತಂದಿದ್ದರು, ಕೇಳಿ ಮೆಚ್ಚಿ ಎಲ್ಲೂ ಸಿಗದೆ ಸುಮ್ಮನಾದವರೂ ಬಹಳ ಮಂದಿ ಇದ್ದರು. ಕೇಳಿದ ಜಾಗಕ್ಕೂ ಕೊಳ್ಳುವ ಜಾಗಕ್ಕೂ ನಡುವಿನ ದಾರಿಯನ್ನು ಮೊಟಕು ಮಾಡುವುದಷ್ಟೇ ನಮ್ಮ ಕೈಯಲ್ಲಿರುವ ಕೆಲಸ, ಮತ್ತು ಈ ಬರಹ ಅದನ್ನು ಕುರಿತದ್ದು.

ಈ ದಾರಿ ಹಿಂದೆ ಇಷ್ಟು ಉದ್ದವಾಗಿರಲಿಲ್ಲ. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮುಂತಾದ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗೆ ಪುಸ್ತಕವಾಗುವ ಮೊದಲೇ ಓದುಗರಿರುತ್ತಿದ್ದರು, ಪುಸ್ತಕವಾದ ಮೇಲೆ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿ ಅದನ್ನು ಮನೆಮನೆಗೆ ಮುಟ್ಟಿಸುತ್ತಿತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೊದಲು ಚಂದಾದಾರರನ್ನು ಕೂಡಿಸಿ ಆಮೇಲೆ ಅವರಿಗೆ ಪುಸ್ತಕ ಕಳಿಸುವ ಪದ್ಧತಿಯನ್ನು ಬೆಳೆಸಿತು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದರು. ಕಾದಂಬರಿಕಾರ ತನ್ನ ಪುಸ್ತಕವನ್ನು ತಾನೇ ಮಾರುವುದು ಮರ್ಯಾದೆಗೆ ಕುಂದು ಎಂದು ಯಾರಾದರೂ ಹೇಳಿದರೆ ನಾನು ಗಳಗನಾಥರ ಹೆಸರನ್ನು ನೆನಪಿಸಿ ಸುಮ್ಮನಾಗುತ್ತೇನೆ.

ಅಚ್ಚಿಗೆ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಶೀರ್ಷಿಕೆಯದೇ ಮೊದಲನೆಯದು. ಪುಸ್ತಕದ ಹೆಸರು ಕೇಳಿದವರು ಅದನ್ನು ಫೋನಿನಲ್ಲಿ ಹುಡುಕುತ್ತಾರೆ, ಮತ್ತು ಬಹುಪಾಲು ಜನ ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತುತ್ತಾರೆ. ‘ಹೊಳೆ’ ಎಂಬ ಹೆಸರಿಟ್ಟರೆ ಆ ಅಕ್ಷರಗಳಲ್ಲಿ ಅದು ಇಂಗ್ಲಿಷಿನವರ ತೂತಾಗಿಬಿಡುತ್ತದೆ. ಹಾಗೆಂದು ಒಳ್ಳೆಯ ಹೆಸರನ್ನು ಬಿಡಬೇಕಾಗಿಲ್ಲ. ಆದರೆ ಇಂಗ್ಲಿಷಿನಲ್ಲಿ ಅದರ ಒಂದೇ ಕಾಗುಣಿತವನ್ನು ನಿಶ್ಚಯಿಸಿ, ಪ್ರಕಾಶಕರ ಪಟ್ಟಿಯಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಆಮಂತ್ರಣ ಪತ್ರಿಕೆಯಲ್ಲೂ ಅದನ್ನೇ ಬಳಸಿ, ಪಕ್ಕದಲ್ಲಿ ಕನ್ನಡ ಲಿಪಿಯ ಹೆಸರನ್ನೂ ಲೇಖಕರ ಹೆಸರನ್ನೂ ತಪ್ಪದೆ ಸೇರಿಸಬೇಕು. ನನ್ನ ಒಂದು ಕಾದಂಬರಿ ಮೂರು ಮಳಿಗೆಗಳಲ್ಲಿ ಮೂರು ಕಾಗುಣಿತಗಳಲ್ಲಿ ಕುಳಿತು, ಹುಡುಕಿದವರ ಕಣ್ಣು ತಪ್ಪಿಸಿಕೊಂಡು ಒಂದು ವರ್ಷ ಕಳೆಯಿತು.

ಐಎಸ್‌ಬಿಎನ್ ಎಂಬ, ಪ್ರತಿ ಪುಸ್ತಕವನ್ನು ಗುರುತಿಸುವ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆಯು ಶುಲ್ಕವಿಲ್ಲದೆ ಕೊಡುತ್ತದೆ, ಆದ್ದರಿಂದ ಅದಕ್ಕಾಗಿ ಯಾರಿಗೂ ಹಣ ಕೊಡಬೇಡಿ. ಪುಟ ವಿನ್ಯಾಸ ಮಾಡಿದವರಿಂದ ಪಿಡಿಎಫ್ ಮಾತ್ರವಲ್ಲದೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆದುಕೊಳ್ಳಿ. ಹಳೆಯ ‘ನುಡಿ’ ಅಥವಾ ‘ಬರಹ’ ಅಕ್ಷರಶೈಲಿಯಲ್ಲಿ ಜೋಡಿಸಿದ ಪುಟಗಳನ್ನು ಮುಂದೊಂದು ದಿನ ಇ-ಪುಸ್ತಕಕ್ಕೆ ಪರಿವರ್ತಿಸಲು ಹೊರಟರೆ ಒತ್ತಕ್ಷರಗಳೂ ಅರ್ಕಾವತ್ತೂ ಸ್ಥಾನ ಬದಲಿಸಿ, ಇಡೀ ಕಾದಂಬರಿಯ ಕರಡನ್ನು ಇನ್ನೊಮ್ಮೆ ತಿದ್ದುವ ಶಿಕ್ಷೆಗೆ ನೀವು ಗುರಿಯಾಗುತ್ತೀರಿ.

ಇನ್ನು ಹೆಸರು ಕಿವಿಗೆ ಬೀಳುವ ಬಗೆ. ನನ್ನ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಮತ್ತೆ ಮತ್ತೆ ಬರುವ ಉತ್ತರ ‘ಯಾರೋ ಹೇಳಿದರು’ ಎಂಬುದೇ. ಆ ‘ಯಾರೋ’ ಯಾರೆಂದು ಬಿಡಿಸಿ ಕೇಳಿದರೆ ಪ್ರತಿ ಊರಿನಲ್ಲೂ ಒಂದೇ ಬಗೆಯ ಕೆಲವರು ಸಿಗುತ್ತಾರೆ: ಕಾಲೇಜಿನ ಕನ್ನಡ ಮೇಡಂ, ಬ್ಯಾಂಕಿನಿಂದ ನಿವೃತ್ತರಾಗಿ ದಿನಕ್ಕೆ ನೂರು ಪುಟ ಓದುವ ಹಿರಿಯರು, ಮಹಿಳಾ ಸಮಾಜದಲ್ಲಿ ಪುಸ್ತಕದ ಚರ್ಚೆ ನಡೆಸುವವರು, ನಾಟಕದ ಹುಡುಗರು. ಇವರು ಓದಿದ್ದನ್ನು ಹತ್ತು ಜನಕ್ಕೆ ಹೇಳದೆ ಇರಲಾರರು. ಗೌರವ ಪ್ರತಿಗಳು ನಿಮ್ಮಲ್ಲಿ ಹೇಗೂ ಕಡಿಮೆ ಇರುತ್ತವೆ. ಅವುಗಳಲ್ಲಿ ಅರ್ಧವನ್ನಾದರೂ ಇಂಥವರಿಗೆ ಮೀಸಲಿಡಿ. ವೇದಿಕೆಯ ಮೇಲಿನ ಗಣ್ಯರಿಗೆ ರಿಬ್ಬನ್ ಕಟ್ಟಿ ಕೊಟ್ಟ ಪ್ರತಿಗಳಲ್ಲಿ ಕೆಲವನ್ನು ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ, ನನ್ನ ಹಸ್ತಾಕ್ಷರದ ಸಮೇತ, ಮತ್ತೆ ಕಂಡಿದ್ದೇನೆ. (ಅದರಲ್ಲಿ ಒಂದನ್ನು ನಾನೇ ನಲವತ್ತು ರೂಪಾಯಿಗೆ ಕೊಂಡು ತಂದೆ. ಇನ್ನೊಂದನ್ನು ಮುಟ್ಟದೆ ಬಿಟ್ಟದ್ದು ನಂತರ ಒಳ್ಳೆಯದೇ ಆಯಿತು, ಅದನ್ನು ಕೊಂಡ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ.)

ಪತ್ರಿಕೆಗಳಿಗೆ ಎರಡು ಪ್ರತಿ ಕಳಿಸಿ, ಬಂದ ಪುಸ್ತಕಗಳ ಹೆಸರು ಪಟ್ಟಿ ಮಾಡುವ ‘ಸಾದರ ಸ್ವೀಕಾರ’ದ ಸಾಲೊಂದು ಬಂದರೂ ಸಾಕೆಂದುಕೊಳ್ಳಿ. ಭಾನುವಾರದ ಪುರವಣಿಯ ವಿಮರ್ಶೆಯಿಂದ ಅಂಗಡಿಗಳಲ್ಲಿ ವಿಚಾರಣೆ ಏಳುತ್ತದೆ, ಆದರೆ ಅದು ಆ ವಾರದ ಮಾತು. ಆದ್ದರಿಂದ ವಿಮರ್ಶೆ ಬರುವ ಮೊದಲೇ ಪ್ರತಿಗಳು ಅಂಗಡಿ ಸೇರಿರಬೇಕು. ವಾಟ್ಸ್‌ಆ್ಯಪ್ ಗುಂಪುಗಳಿಗೆ ಮುಖಪುಟದ ಚಿತ್ರ ಮಾತ್ರ ಕಳಿಸಿದರೆ ಹಾರ, ಹೂಗುಚ್ಛದ ಚಿಹ್ನೆಗಳು ರಾಶಿ ಬೀಳುತ್ತವೆ, ಪುಸ್ತಕ ಯಾರೂ ಕೊಳ್ಳುವುದಿಲ್ಲ. ಅದರ ಬದಲು ಕಾದಂಬರಿಯ ಎರಡು ಪುಟ ಕಳಿಸಿ, ಕೆಳಗೆ ಬೆಲೆ, ಅಂಚೆ ವೆಚ್ಚ, ಹಣ ಕಳಿಸಬೇಕಾದ ಯುಪಿಐ ಸಂಖ್ಯೆ, ಸಿಗುವ ಒಂದು ಅಂಗಡಿಯ ಹೆಸರು ಇಷ್ಟನ್ನು ಬರೆಯಿರಿ. ಕೇಳಿದ ಜಾಗವೇ ಕೊಳ್ಳುವ ಜಾಗವೂ ಆಗುವುದು ಹೀಗೆ.

ಬಿಡುಗಡೆ ಸಮಾರಂಭವನ್ನು ನಾವು ಗೌರವದ ಸಂಗತಿಯಾಗಿ ನೋಡುತ್ತೇವೆ, ಮಾರಾಟದ ದೃಷ್ಟಿಯಿಂದ ನೋಡುವುದಿಲ್ಲ. ಐದು ಜನ ಅತಿಥಿಗಳು ಎರಡೂವರೆ ಗಂಟೆ ಮಾತನಾಡಿದ ಮೇಲೆ ಸಭಿಕರು ಕಾಫಿಯ ಕಡೆಗೋ ಬಸ್ಸಿನ ಕಡೆಗೋ ಓಡುತ್ತಾರೆ, ಬಾಗಿಲ ಬಳಿಯ ಮೇಜನ್ನು ಯಾರೂ ನೋಡುವುದಿಲ್ಲ. ಅತಿಥಿಗಳನ್ನು ಇಬ್ಬರಿಗೆ ಇಳಿಸಿ, ಕಾದಂಬರಿಯಿಂದ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಕಾಫಿಯ ಪಕ್ಕದಲ್ಲೇ ಪುಸ್ತಕದ ಮೇಜು ಇಡಿಸಿ, ಚಿಲ್ಲರೆಯನ್ನೂ ಕ್ಯೂಆರ್ ಹಾಳೆಯನ್ನೂ ಸಿದ್ಧವಾಗಿಟ್ಟುಕೊಂಡ ಒಬ್ಬ ಚುರುಕಾದ ಹುಡುಗಿಯನ್ನೋ ಹುಡುಗನನ್ನೋ ಅಲ್ಲಿ ಕೂರಿಸಿ.

ಅಂಗಡಿಗಳಿಗೆ ನೀವೇ ಹೋಗಬೇಕು. ಬೆಂಗಳೂರಿನ ಗಾಂಧಿನಗರದ ಸಪ್ನ, ಗಾಂಧಿ ಬಜಾರಿನ ಅಂಕಿತ ಪುಸ್ತಕ, ನವಕರ್ನಾಟಕದ ಮಳಿಗೆಗಳು, ಕಲಬುರಗಿಯ ಸಿದ್ಧಲಿಂಗೇಶ್ವರ ಬುಕ್ ಡಿಪೋ ಇಂಥ ಕಡೆ ಒಂದು ಸಂಜೆ ಸುಮ್ಮನೆ ನಿಂತು, ಜನ ಪುಸ್ತಕವನ್ನು ಹೇಗೆ ಎತ್ತಿಕೊಳ್ಳುತ್ತಾರೆಂದು ನೋಡಿ. ಹೆಸರು ಹೇಳಿಕೊಂಡು ಬಂದವರನ್ನು ಬಿಟ್ಟರೆ ಉಳಿದವರು ಮೇಜಿನ ಮೇಲೆ ಅಂಗಾತ ಮಲಗಿದ ಪುಸ್ತಕವನ್ನೇ ಎತ್ತುತ್ತಾರೆ, ಎತ್ತಿದವರು ತಿರುಗಿಸಿ ಬೆನ್ನುಡಿ ನೋಡುತ್ತಾರೆ, ಆಮೇಲೆ ಬೆಲೆ. ಬೆನ್ನುಡಿಯಲ್ಲಿ ಹಿರಿಯ ವಿಮರ್ಶಕರ ಹೊಗಳಿಕೆ ತುಂಬಿದ್ದರೆ ಕಥೆ ಯಾವ ಊರಿನದು, ಯಾರದು ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ಕಪಾಟಿನಲ್ಲಿ ನಿಲ್ಲಿಸಿದಾಗ ಕಾಣುವುದು ಪುಸ್ತಕದ ಬೆನ್ನು ಮಾತ್ರ. ಅದರ ಮೇಲಿನ ಅಕ್ಷರಗಳು ಮೂರು ಅಡಿ ದೂರದಿಂದ ಓದುವಷ್ಟು ದಪ್ಪವಾಗಿರಬೇಕೆಂದು ವಿನ್ಯಾಸಕಾರರಿಗೆ ಹೇಳಿ. ಅಂಗಡಿಯಲ್ಲಿ ನಿಲ್ಲುವ ಕೆಲಸಗಾರರಿಗೆ ಒಂದು ಪ್ರತಿ ಓದಲು ಕೊಡಿ, ಏಕೆಂದರೆ ‘ಹೊಸದೇನು ಬಂದಿದೆ’ ಎಂದು ಗಿರಾಕಿ ಕೇಳುವುದು ಅವರನ್ನು.

ಲೆಕ್ಕದ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿ. ಅಂಗಡಿಯವರು ಸಾಮಾನ್ಯವಾಗಿ ಶೇಕಡಾ 30ರಿಂದ 40ರಷ್ಟು ಕಮಿಷನ್ ಕೇಳುತ್ತಾರೆ, ವಿತರಕರು ಅದಕ್ಕಿಂತ ಹೆಚ್ಚು. ಬಾಡಿಗೆ, ಕೆಲಸಗಾರರ ಸಂಬಳ ನೆನೆದರೆ ಅದು ಅನ್ಯಾಯವಲ್ಲ. ಮಾರಾಟವಾದ ಮೇಲೆ ಹಣ ಎಂಬ ಕರಾರಾದರೆ ಎಷ್ಟು ಪ್ರತಿ, ಯಾವ ದಿನಾಂಕ, ಲೆಕ್ಕ ಯಾವ ತಿಂಗಳು ಎಂಬುದನ್ನು ಬರೆಸಿ ಸಹಿ ಪಡೆಯಿರಿ. ಒಬ್ಬ ವಿತರಕರಿಗೆ ನಾನು ಬಾಯಿಮಾತಿನಲ್ಲಿ ಇನ್ನೂರು ಪ್ರತಿ ಕೊಟ್ಟಿದ್ದೆ. ಎರಡು ಮಳೆಗಾಲ ಕಳೆದ ಮೇಲೆ ನೂರೆಪ್ಪತ್ತು ಪ್ರತಿಗಳು ಕಟ್ಟು ಬಿಚ್ಚದೆ, ಅಂಚೆಲ್ಲ ತೇವ ಹತ್ತಿ ಹಿಂದಕ್ಕೆ ಬಂದವು. ಇನ್ನೂರನ್ನು ಒಬ್ಬರಿಗೆ ಕೊಡುವುದಕ್ಕಿಂತ ಹತ್ತು ಊರುಗಳಿಗೆ ಹತ್ತು ಹತ್ತರಂತೆ ಕೊಟ್ಟು, ಮೂರು ತಿಂಗಳಿಗೊಮ್ಮೆ ವಿಚಾರಿಸುವುದು ಮೇಲು.

ದೊಡ್ಡ ಊರುಗಳ ಆಚೆ ಪುಸ್ತಕದಂಗಡಿ ಎಂದರೆ ಪಠ್ಯಪುಸ್ತಕ, ಗೈಡು, ನೋಟ್‌ಬುಕ್ ಮಾರುವ ಜಾಗವೇ ಆಗಿರುವುದರಿಂದ, ಅಲ್ಲಿನ ಓದುಗರು ವರ್ಷದ ಪುಸ್ತಕಗಳನ್ನೆಲ್ಲ ಒಮ್ಮೆಗೇ ಮೇಳಗಳಲ್ಲಿ ಕೊಳ್ಳುತ್ತಾರೆ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲಿ ಇದು ಕಣ್ಣಿಗೆ ಕಟ್ಟುವಂತಿರುತ್ತದೆ. 2023ರ ಜನವರಿಯಲ್ಲಿ ಹಾವೇರಿ, 2024ರ ಡಿಸೆಂಬರ್‌ನಲ್ಲಿ ಮಂಡ್ಯ, ಎಲ್ಲಿ ನಡೆದರೂ ಪ್ರಧಾನ ವೇದಿಕೆಗಿಂತ ಹೆಚ್ಚಿನ ನೂಕುನುಗ್ಗಲು ಅಲ್ಲಿಯೇ. ಒಬ್ಬ ಲೇಖಕರು ಇಡೀ ಮಳಿಗೆ ಹಿಡಿಯುವುದು ದುಬಾರಿ, ನಾಲ್ಕೈದು ಜನ ಸೇರಿ ಹಂಚಿಕೊಳ್ಳಿ. ಮೂರನೆಯ ದಿನದ ಮಧ್ಯಾಹ್ನ ಊರಿಗೆ ಹೊರಡುವವರು ಚೀಲ ತುಂಬಿಸಿಕೊಳ್ಳುವ ಹೊತ್ತು, ಆಗ ಮಳಿಗೆ ಬಿಟ್ಟು ಊಟಕ್ಕೆ ಹೋಗಬೇಡಿ. ನವೆಂಬರ್ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರವೂ ಹಲವು ಪ್ರಕಾಶಕರೂ ರಿಯಾಯಿತಿ ಕೊಡುವುದರಿಂದ ಓದುಗರು ಅದಕ್ಕೇ ಕಾಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಪುಸ್ತಕ ತಂದು ಅಕ್ಟೋಬರ್‌ನಲ್ಲಿ ಮಾರಾಟವಿಲ್ಲವೆಂದು ಕಂಗೆಡಬೇಡಿ.

ಅಂಚೆಯಲ್ಲಿ ಕಳಿಸುವವರಿಗೆ ಈಗ ಒಂದು ಅನುಕೂಲವಿದೆ. ಭಾರತೀಯ ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕಗಳಿಗಾಗಿಯೇ ‘ಜ್ಞಾನ್ ಪೋಸ್ಟ್’ ಎಂಬ ಸೇವೆ ಆರಂಭಿಸಿತು. 300 ಗ್ರಾಂವರೆಗೆ 20 ರೂಪಾಯಿಯಿಂದ ಮೊದಲಾಗಿ ಐದು ಕಿಲೋವರೆಗೆ 100 ರೂಪಾಯಿ ಎಂಬ ದರದಲ್ಲಿ, ತೆರಿಗೆ ಬೇರೆಯಾಗಿ, ಅದು ಬಂತು. ಇನ್ನೂರೈವತ್ತು ಪುಟದ ಕಾದಂಬರಿ ಸಾಮಾನ್ಯವಾಗಿ ಆ 300 ಗ್ರಾಂ ಅಂಚಿನಲ್ಲೇ ನಿಲ್ಲುತ್ತದೆ, ಸುತ್ತುವ ಕಾಗದ ತೆಳ್ಳಗಿರಲಿ. ಸಪ್ನ, ನವಕರ್ನಾಟಕ, ಹರಿವು, ವೀರಲೋಕದಂಥ ಕನ್ನಡದ ಆನ್‌ಲೈನ್ ಮಳಿಗೆಗಳಿಗೂ ಪ್ರತಿಗಳನ್ನು ಕೊಟ್ಟು, ಮುಗಿದ ಕೂಡಲೇ ಮತ್ತೆ ತುಂಬಿಸಿ. ‘ಲಭ್ಯವಿಲ್ಲ’ ಎಂಬ ಮಾತನ್ನು ಎರಡು ಸಲ ಕಂಡವರು ಮೂರನೆಯ ಸಲ ಬರುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಂಚೆ ವೆಚ್ಚವೇ ಪುಸ್ತಕದ ಬೆಲೆಯನ್ನು ಮೀರುವುದರಿಂದ ಮೈಲ್ಯಾಂಗ್‌ನಂಥ ಡಿಜಿಟಲ್ ಪುಸ್ತಕ ಮಳಿಗೆಗಳಲ್ಲಿ ಇ-ಪುಸ್ತಕವೂ ಆಡಿಯೋ ಪುಸ್ತಕವೂ ಇರಲಿ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ, ಆದರೆ ಅದರ ಹಣವನ್ನು ನಂಬಿ ಸಾಲ ಮಾಡಬೇಡಿ. ಪ್ರತಿಗಳು ಗ್ರಂಥಾಲಯ ಸೇರಿದ ಮೇಲೂ ನಿಮ್ಮ ತಾಲ್ಲೂಕಿನ ಒಂದೆರಡು ಶಾಖೆಗಳಿಗೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಿ ನೋಡಿ. ನನ್ನ ಪುಸ್ತಕ ಬೀರುವಿನಲ್ಲಿ ಬೀಗದೊಳಗೆ ಇದ್ದುದನ್ನು ಕಂಡು ಮೇಲ್ವಿಚಾರಕರನ್ನು ಕೇಳಿದಾಗ, ಅವರು ಅದನ್ನು ತೆಗೆದು ದಿನಪತ್ರಿಕೆಗಳ ಮೇಜಿನ ಮೇಲಿಟ್ಟರು. ಆ ಊರಿನಿಂದ ನನಗೆ ಆರು ಫೋನ್ ಕರೆಗಳು ಬಂದವು.

ಆರು ತಿಂಗಳಾದ ಮೇಲೆ ನೋಟ್‌ಬುಕ್ ತೆರೆದು ‘ಕೇಳಿದೆ, ಸಿಗಲಿಲ್ಲ’ ಎಂದವರ ಊರುಗಳನ್ನು ಬೇರೆ ಹಾಳೆಗೆ ಇಳಿಸಿ. ಒಂದೇ ಊರು ಮೂರು ಸಲ ಬಂದಿದ್ದರೆ ಅಲ್ಲಿ ಹೇಳುವವರು ಆಗಲೇ ಇದ್ದಾರೆ, ಇಲ್ಲದಿರುವುದು ಪ್ರತಿಗಳು ಮಾತ್ರ. ಆ ಊರಿನ ಪಠ್ಯಪುಸ್ತಕದ ಅಂಗಡಿಯವರಿಗಾದರೂ ಸರಿಯೇ, ಐದು ಪ್ರತಿ ಕಳಿಸಿ, ಕೇಳಿದ್ದ ಮೂವರಿಗೂ ಫೋನ್ ಮಾಡಿ ಅಂಗಡಿಯ ಹೆಸರು ತಿಳಿಸಿ.