ಪಠ್ಯಕ್ರಮವನ್ನು ಬದಿಗಿಟ್ಟು ಮಗುವಿನ ಪ್ರಶ್ನೆಯ ಬೆನ್ನು ಹತ್ತುವುದು ಹೇಗೆ

ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸಲು ಹೊರಟ ಅನೇಕ ಪೋಷಕರು ಮೊದಲ ವರ್ಷ ಶಾಲೆಯನ್ನೇ ಮನೆಗೆ ತಂದಿರುತ್ತಾರೆ. ಗೋಡೆಗೆ ವೇಳಾಪಟ್ಟಿ ಬರುತ್ತದೆ, ಪುಸ್ತಕ ಅಧ್ಯಾಯದ ಲೆಕ್ಕದಲ್ಲಿ ಮುಗಿಯುತ್ತದೆ, ಕೆಲವು ತಿಂಗಳಲ್ಲಿ ಮಗು ಮುಖ ತಿರುಗಿಸುತ್ತದೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಆಗ ಹೊಸ ಪಠ್ಯಕ್ರಮ ಕೊಳ್ಳುವ ಬದಲು, ಇರುವುದನ್ನು ಕಪಾಟಿಗೆ ಸೇರಿಸಿ ಮಗುವೇ ಆರಿಸಿಕೊಂಡ ಪ್ರಾಜೆಕ್ಟುಗಳ ಮೂಲಕ ಕಲಿಯಲು ಬಿಡಬಹುದು. ಪ್ರಾಜೆಕ್ಟ್ ಎಂದರೆ ಇಲ್ಲಿ, ಸಲ್ಲಿಸಬೇಕಾದ ದಿನದ ಹಿಂದಿನ ರಾತ್ರಿ ಅಪ್ಪ ಅಮ್ಮ ಕುಳಿತು ಅಂಟಿಸುವ ಥರ್ಮಾಕೋಲ್ ಮಾದರಿಯಲ್ಲ.

ಮೊದಲ ಎರಡು ಮೂರು ವಾರ ಯಾವ ಪಾಠವನ್ನೂ ಮಾಡದೆ, ಮಗು ಯಾವುದರ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾವ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತದೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆದರೆ ಓದು ಇನ್ನೂ ಸರಾಗವಾಗದ ಮಗುವಾಗಿದ್ದರೆ ದಿನಕ್ಕೆ ಅರ್ಧ ಗಂಟೆಯ ಓದನ್ನು ಮಾತ್ರ ಬಿಡಬೇಡಿ. ಓದು ಬಂದರೆ ಉಳಿದದ್ದನ್ನೆಲ್ಲ ಮಗು ತಾನೇ ಹುಡುಕಿಕೊಳ್ಳುತ್ತದೆ ಎಂಬ ಭರವಸೆಯ ಮೇಲೆಯೇ ಈ ವಿಧಾನ ನಿಂತಿರುವುದರಿಂದ, ಅಲ್ಲಿ ಸಡಿಲ ಬಿಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಒಂಬತ್ತು ವರ್ಷದ ನನ್ನ ಮಗಳು ಒಂದು ಬೆಳಿಗ್ಗೆ ಪತ್ರಿಕೆ ಹಿಡಿದು, "ಅಮ್ಮಾ, ನಿನ್ನೆ 20 ಮಿಲಿಮೀಟರ್ ಮಳೆಯಂತೆ. ಮಳೆಯನ್ನು ಸ್ಕೇಲಿನಲ್ಲಿ ಅಳೆಯುತ್ತಾರಾ?" ಎಂದು ಕೇಳಿದಳು. ಎರಡು ನಿಮಿಷದಲ್ಲಿ ಉತ್ತರಿಸಿ ಮುಗಿಸಬಹುದಿತ್ತು. ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದೇ ಪೋಷಕರಿಗೆ ಅತಿ ಕಷ್ಟದ ಅಭ್ಯಾಸ. "ನೀನಾದರೆ ಹೇಗೆ ಅಳೆಯುತ್ತೀಯ?" ಎಂದಷ್ಟೇ ಕೇಳಿದೆ. ಅವಳು ತಾರಸಿಯಲ್ಲಿ ಬಕೆಟ್ಟನ್ನೂ ನೆಟ್ಟಗಿನ ಸ್ಟೀಲ್ ಡಬ್ಬಿಯನ್ನೂ ಇಟ್ಟಳು; ಒಂದೇ ಮಳೆಗೆ ಎರಡರಲ್ಲೂ ನೀರಿನ ಎತ್ತರ ಬೇರೆ ಬೇರೆ ಬಂತು. ಬಕೆಟ್ಟಿನ ಬಾಯಿ ಅಗಲ, ತಳ ಕಿರಿದು ಎಂಬುದು ಅವಳಿಗೆ ಹೊಳೆಯಲು ನಾಲ್ಕು ದಿನ ಹಿಡಿಯಿತು, ಆ ನಾಲ್ಕು ದಿನವೂ ನಾನು ಹೇಳಲಿಲ್ಲ. ಆಮೇಲೆ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ಉಬ್ಬುತಗ್ಗಿನ ತಳವನ್ನು ಬೆಣಚುಕಲ್ಲು ಮತ್ತು ನೀರಿನಿಂದ ಸೊನ್ನೆಯ ಗೆರೆಯವರೆಗೆ ತುಂಬಿಸಿದೆವು. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಮಳೆಯ ಲೆಕ್ಕ ತೆಗೆದುಕೊಳ್ಳುತ್ತದೆಂದು ಓದಿದ ಮೇಲೆ ಅವಳೂ ಅದೇ ಸಮಯಕ್ಕೆ ತಾರಸಿ ಹತ್ತತೊಡಗಿದಳು.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ತಾರಸಿ ಗಾರೆಯವರ ಲೆಕ್ಕದಲ್ಲಿ ಹತ್ತು ಚದರ, ಅಂದರೆ 1000 ಚದರ ಅಡಿ, ಸುಮಾರು 93 ಚದರ ಮೀಟರ್. ಹಾಗಾಗಿ 20 ಮಿಲಿಮೀಟರ್ ಮಳೆಗೆ ಸುಮಾರು 1,860 ಲೀಟರ್ ನೀರು ಕೊಳವೆಯಲ್ಲಿ ಇಳಿದು ಮೋರಿ ಸೇರಿತೆಂದು ಲೆಕ್ಕ ಹಾಕಿದಾಗ ಅವಳಿಗೆ ಸಿಟ್ಟೇ ಬಂತು. ಆ ಸಿಟ್ಟಿನಿಂದ, ಈ ನೀರನ್ನು ಹಿಡಿದಿಡುವುದು ಹೇಗೆ ಎಂಬ ಮುಂದಿನ ಪ್ರಶ್ನೆ ಹುಟ್ಟಿತು, ಬೆಂಗಳೂರಿನ ಜಯನಗರದಲ್ಲಿರುವ ಮಳೆನೀರು ಕೊಯ್ಲು ಉದ್ಯಾನಕ್ಕೆ ಹೋಗಿಬಂದೆವು. ಅಜ್ಜಿ "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆ ಹೇಳಿದ್ದರಿಂದ, 365 ದಿನಗಳನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದು ಮಳೆಗೆ ಸುಮಾರು ಹದಿಮೂರೂವರೆ ದಿನ ಎಂದು ಕಂಡುಕೊಂಡು, ಮಗಳು ತನ್ನ ಪುಸ್ತಕವನ್ನು ತಿಂಗಳ ಬದಲು ಮಳೆ ನಕ್ಷತ್ರಗಳ ಪ್ರಕಾರ ಭಾಗ ಮಾಡಿದಳು. ಇದು ನನಗೆ ತೋಚುವ ಮಾತಾಗಿರಲಿಲ್ಲ.

ಇಷ್ಟರಲ್ಲಿ ಪೋಷಕರ ಕೆಲಸವೇನೆಂದರೆ ಬೇಕಾದ ಸಾಮಾನು ಒದಗಿಸುವುದು, ತಿಳಿದವರ ಬಳಿ ಕರೆದೊಯ್ಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಡೈರಿ ಬರೆಯುವುದು. ದಿನಾಂಕ, ಮಗು ಕೇಳಿದ್ದು, ಮಾಡಿದ್ದು, ಸೋತದ್ದು ಇಷ್ಟು ಸಾಕು. ತಿಂಗಳಿಗೊಮ್ಮೆ, ಮಗು ಮಲಗಿದ ಮೇಲೆ, ಕಪಾಟಿನ ಪಠ್ಯಪುಸ್ತಕದ ಪರಿವಿಡಿಯನ್ನು ಡೈರಿಯ ಪಕ್ಕ ಇಟ್ಟುಕೊಂಡು ಯಾವುದು ಬಂದಿದೆಯೆಂದು ಗುರುತು ಹಾಕಿ. ನಮ್ಮ ಮಳೆಯಲ್ಲಿ ವಿಸ್ತೀರ್ಣ, ದಶಮಾಂಶ, ಸರಾಸರಿ ಬಂದಿದ್ದವು. ಭಿನ್ನರಾಶಿಯ ಭಾಗಾಕಾರ ಬಂದಿರಲಿಲ್ಲ, ಅದನ್ನು ಬೇರೆಯಾಗಿಯೇ ಹತ್ತು ದಿನ ಕಲಿಸಿದೆ. ಎಲ್ಲವೂ ಪ್ರಾಜೆಕ್ಟಿನಿಂದಲೇ ಬರಲಿ ಎಂದು ಹಟ ಹಿಡಿದರೆ ಅದೂ ಇನ್ನೊಂದು ವೇಳಾಪಟ್ಟಿಯೇ ಆಗುತ್ತದೆ. ಅರ್ಧಕ್ಕೆ ಬಿಟ್ಟ ಪ್ರಾಜೆಕ್ಟಿಗೆ ಬೈಯಬೇಡಿ; ಮೊದಲೇ ದುಬಾರಿ ಸಾಮಾನು ಕೊಳ್ಳದಿದ್ದರೆ ಬೈಯುವ ಮನಸ್ಸೂ ಬರುವುದಿಲ್ಲ.

ಪ್ರಮಾಣಪತ್ರದ ಚಿಂತೆಗೂ ಉತ್ತರವಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ತನ್ನ ಮುಕ್ತ ಮೂಲಭೂತ ಶಿಕ್ಷಣದಲ್ಲಿ (ಓಪನ್ ಬೇಸಿಕ್ ಎಜುಕೇಶನ್) 3, 5 ಮತ್ತು 8ನೇ ತರಗತಿಗೆ ಸಮಾನವಾದ ಮೂರು ಹಂತಗಳನ್ನು ಇಟ್ಟಿದೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ಮಗುವಿಗೆ ಹನ್ನೆರಡಾಗುತ್ತಲೇ ಆ ಪಠ್ಯವಸ್ತುವನ್ನು ಅದರ ಕೈಗೇ ಕೊಟ್ಟು, ಹಳೆಯ ಡೈರಿಗಳೊಡನೆ ಹೋಲಿಸಿ, ತನಗೆ ಗೊತ್ತಿರುವ ಅಧ್ಯಾಯಗಳನ್ನು ಅದೇ ಹೊಡೆದುಹಾಕಲಿ. ತಯಾರಿಯನ್ನು ಉಳಿದ ಅಧ್ಯಾಯಗಳಿಂದ ಆರಂಭಿಸಿದರೆ ಸಾಕು.